ದೊಡ್ಡವ್ವನ ಬಾರಿಕಂಟಿ

ಇವತ್ತು ಬೆಳಿಗ್ಗೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಸೆರಗು ಏನಕ್ಕೋ ಸಿಕ್ಕಿಕೊಂಡಿತು. ನಿಮ್ಮಂಥ ಬುದ್ಧಿವಂತರಾದರೆ ಬಗ್ಗಿ ಬಿಡಿಸಿಕೊಳ್ಳುತ್ತಿದ್ದಿರಿ. ನಾನು ಜಗ್ಗಿದೆ, ಪರ್ರನೆ ಹರಿಯಿತು. ಆಮೇಲೆ ನೋಡಿದರೆ, ಹೋದ ವರ್ಷ ಗೋಡೆ ಕಟ್ಟುವಾಗ ನನ್ನ ತಮ್ಮ ಕಡಿಸಿದ ಬಾರಿಗಿಡದ, ಅಂದರೆ ಬೋರೆಹಣ್ಣಿನ ಗಿಡದ, ಬುಡದಿಂದ ಮುಳ್ಳಿನ ಚಿಗುರೊಂದು ಎದ್ದು ನಿಂತಿದೆ. ಸೀರೆ ಹಾಳಾಗಿ ಹೋಗಲಿ, ನನಗಾದ ಖುಷಿ ಅಷ್ಟಿಷ್ಟಲ್ಲ!

ಆ ಬುಡ ನನ್ನ ದೊಡ್ಡಪ್ಪನ ಹೆಂಡತಿ, ದೊಡ್ಡವ್ವನದು. ಸಂಸ್ಥಾನದ ಕಾಲದಲ್ಲಿ ಅವಳು ತೇರದಾಳದಿಂದ ಬನಹಟ್ಟಿಯ ನಮ್ಮ ನೇಕಾರರ ಮನೆಗೆ ಬಂದವಳು. ತವರಿನಲ್ಲಿ ಮಗ್ಗದ ಜೊತೆ ಒಂದಿಷ್ಟು ಹೊಲವೂ ಇದ್ದುದರಿಂದ ಗಿಡಗಳ ಹುಚ್ಚು. ಮಕ್ಕಳಾಗಲಿಲ್ಲವೆಂದು ಅವಳನ್ನು ತವರಿಗಟ್ಟಿ ದೊಡ್ಡಪ್ಪನಿಗೆ ಇನ್ನೊಂದು ಮದುವೆ ಮಾಡುವ ಮಾತು ಮನೆಯಲ್ಲಿ ನಡೆದಿತ್ತು. ಅವಳ ಕಿವಿಗೂ ಬಿದ್ದಿತ್ತು.

ಅಜ್ಜ ಹಿತ್ತಲಲ್ಲಿ ಮಗ್ಗಕ್ಕೇರಿಸುವ ಹಾಸಿನ ನೂಲನ್ನು ಉದ್ದಕ್ಕೆ ಬಿಗಿದು ಗಂಜಿ ಹಚ್ಚುತ್ತಿದ್ದ. ಪಕ್ಕದಲ್ಲೇ ಕಾಡು ಬಾರಿಕಂಟಿ. ಗಾಳಿ ಬೀಸಿದರೆ ನೂಲು ಮುಳ್ಳಿಗೆ ಸಿಕ್ಕಿ ಎಳೆ ಕಡಿಯುತ್ತಿತ್ತು. ಕಂಟಿ ಕೀಳಬೇಕೆಂದ ಅಜ್ಜ. ಆಗೆಲ್ಲ ಸೊಸೆ ಮಾವನ ಜೊತೆ ನೇರ ಮಾತಾಡುವಂತಿರಲಿಲ್ಲ. ಎದುರಿಗೇ ಇದ್ದರೂ ಮಾತು ಅಜ್ಜಿಯ ಮೂಲಕವೇ ಹೋಗಬೇಕು.

"ಅತ್ತಿ, ಮಾವಾರಿಗೆ ಹೇಳ್ರಿ, ಕಂಟಿ ಕೀಳೂದ ಬ್ಯಾಡ. ಜಮಖಂಡಿ ತ್ವಾಟದಿಂದ ಛಲೋ ಬಾರಿ ಟೊಂಗಿ ತರಿಸಿ ಇದಕ್ಕ ಕಸಿ ಕಟ್ಟತೇನಿ."

"ಅಕಿಗೆ ಹೇಳು," ಎಂದ ಅಜ್ಜ, "ಕಸಿ ಕಟ್ಟಾಕ ಈ ದರಿದ್ರ ಮುಳ್ಳಽ ಬೇಕೇನು? ತ್ವಾಟದಾಗಿನ ಸಸೀನ ತಂದು ಹಚ್ಚಲಿ."

"ಅತ್ತಿ, ಹೇಳ್ರಿ, ಹಣ್ಣಿನ ರುಚಿ ಟೊಂಗಿ ಕೊಡತೈತಿ, ಬೇರು ಗಟ್ಟಿದ್ದರ ಸಾಕು. ಇದಕ್ಕ ಯಾರರೆ ಒಂದ ತಂಬಿಗಿ ನೀರ ಹಾಕ್ಯಾರೇನು? ಆದ್ರೂ ನಿಂತೈತಿ."

"ಹಂಗಾರ ಕಿತ್ತು ಮೂಲ್ಯಾಗ ಹಚಗೊಳ್ಳಲಿ."

"ಬಾರಿ ಬೇರು ಭಾಳ ಆಳ ಇರತೈತ್ರಿ. ಕಿತ್ರ ಸಾಯತೈತಿ. ಇದ್ದಲ್ಲೇ ಇರಬೇಕು."

ಅತ್ತ ಇತ್ತ ತಿರುಗಿ ತಿರುಗಿ ಅಜ್ಜಿಯ ಕುತ್ತಿಗೆ ನೋಯುತ್ತಿತ್ತೋ ಏನೋ, "ಒಮ್ಮೆ ಮಾಡ್ಲಿ ಬಿಡ್ರಿ" ಎಂದು ತಾನೇ ಮುಗಿಸಿದಳು.

ಬೇಸಿಗೆಯಲ್ಲಿ ದೊಡ್ಡವ್ವ ಕಂಟಿಯನ್ನು ಮೊಣಕಾಲೆತ್ತರಕ್ಕೆ ಕಡಿದಳು. ಮಳೆ ಬಿದ್ದು ಚಿಗುರೊಡೆದಾಗ, ನೂಲು ಸುತ್ತುವ ಕಂಡಿಕೆಯಷ್ಟು ದಪ್ಪದ ಎರಡನ್ನು ಉಳಿಸಿಕೊಂಡಳು. ಒಂದರ ತೊಗಟೆ ಸೀಳಿ, ಜಮಖಂಡಿಯ ಟೊಂಗೆಯಿಂದ ಬಿಡಿಸಿದ ಚಿಗುರುಗಣ್ಣನ್ನು ಒಳಗೆ ಕೂರಿಸಿ ನೂಲು ಸುತ್ತಿದಳು. ನೇಕಾರರ ಮನೆಯಲ್ಲಿ ನೂಲಿಗೇನು ಬರ? ಮಗ್ಗದ ಕೆಳಗಿನ ತುಂಡನ್ನೇ ಎತ್ತಿಕೊಂಡಿದ್ದಳು. ಅದಕ್ಕೆ ಗಂಜಿ ಹತ್ತಿತ್ತು. ಇರುವೆ ಮುತ್ತಿದವು, ಕಣ್ಣು ಒಣಗಿತು.

"ಆತಿಲ್ಲೊ ಕಸಿ?" ಎನ್ನುತ್ತ ಅಜ್ಜ ಕೊಡಲಿ ಹಿಡಿದು ಬಂದ. ದೊಡ್ಡವ್ವ ಅಡ್ಡ ನಿಂತಳು. ಅಜ್ಜಿಯ ಕಡೆ ನೋಡಲೂ ಇಲ್ಲ.

"ಮಾವಾರ, ಒಂದ ಎಳಿ ಕಡದ್ರ ಮಗ್ಗಾನ ಸುಡತೀರೇನ್ರಿ? ಗಂಟ ಹಾಕತೀರಿಲ್ಲೊ? ನಾನೂ ಇನ್ನೊಂದ ಕಣ್ಣ ಕಟ್ಟತೇನಿ. ಈ ಕಂಟೀನೂ ಎಲ್ಲೂ ಹೋಗಂಗಿಲ್ಲ, ನಾನೂ ಎಲ್ಲೂ ಹೋಗಂಗಿಲ್ಲ."

ಅಯ್ಯಯ್ಯೋ, ಮಾವನಿಗೇ ನೇರ ಮಾತು! ಮಕ್ಕಳಾದ ನಾವೂ ಆಟ ಬಿಟ್ಟು ಓಡಿ ಬಂದೆವು. ಅಜ್ಜ ಬಗ್ಗಿ ಆ ನೂಲನ್ನು ಬೆರಳಿನಿಂದ ಉಜ್ಜಿದ, ಇರುವೆಗಳನ್ನು ನೋಡಿದ. ಕೊಡಲಿ ಅಲ್ಲೇ ಇಟ್ಟು ಒಳಗೆ ಹೋಗಿ ನೂಲಿನ ಒಂದು ಲಡಿ ತಂದ.

"ತಗೋವಾ. ಇದಕ್ಕ ಗಂಜಿ ಹಚ್ಚಿಲ್ಲ."

ಅವನೂ ಅಜ್ಜಿಯನ್ನು ಕೇಳಲಿಲ್ಲ. ಎರಡನೆಯ ಚಿಗುರಿಗೆ ಕಟ್ಟಿದ ಕಣ್ಣು ಹಿಡಿಯಿತು. ಹಾಸು ಬಿಗಿಯುವ ಗೂಟಗಳನ್ನು ಅಜ್ಜನೇ ಆಚೆ ಸರಿಸಿದ. ಇನ್ನೊಂದು ಮದುವೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ದೊಡ್ಡವ್ವ ಅದೇ ಮನೆಯಲ್ಲಿ ಮುದುಕಿಯಾದಳು, ಬಾರಿಹಣ್ಣಿಗೆ ಬಂದ ಹುಡುಗರನ್ನು ಬೈಯುತ್ತ.

ಇವತ್ತು ಹರಿದ ಸೆರಗು ಹಿಡಿದು ನಿಂತ ನನ್ನನ್ನು ನೋಡಿ ತಮ್ಮ ಓಡಿ ಬಂದ. "ಅಕ್ಕಾ, ತಡಿ, ಈಗ ಕಿತ್ತ ಒಗೀತೇನಿ."

ನಾನು ಅಡ್ಡ ನಿಂತೆ.

"ಮುಟ್ಟಿ ನೋಡು! ಮೊದಲ ಹೋಗಿ ಗಂಜಿ ಹಚ್ಚದ ನೂಲ ತಗೊಂಡ ಬಾ."