ಹತ್ತಿಯಲ್ಲಿ ಸುತ್ತಿಟ್ಟ ಗೆಜ್ಜೆ

ರತ್ನಮ್ಮ ಸಿಸ್ಟರ್ ಬಸ್ಸಿನಲ್ಲೂ ಪಿಸುಗುಟ್ಟುತ್ತಿದ್ದರು. ಕೋಲಾರದಿಂದ ಗೌನಿಪಲ್ಲಿಗೆ ಟಿಕೆಟ್ ಕೇಳಿದರೆ ಕಂಡಕ್ಟರ್ ಬಗ್ಗಿ ಕಿವಿ ಕೊಡಬೇಕಿತ್ತಂತೆ. ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ದುಡಿದೂ ದುಡಿದೂ ಅವರಿಗೆ ದನಿ ಏರಿಸುವುದೇ ಮರೆತುಹೋಗಿತ್ತು. ನಾನೋ, ಯಲ್ದೂರಿನ ಮಾವಿನ ತೋಟದ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಬೈಯುವವಳು. ನಮ್ಮಿಬ್ಬರಿಗೆ ಹೊಂದಿಕೆಯಾದದ್ದೇ ಹೆಚ್ಚು.

ಬಸುರಿಯಾಗುವ ಮುಂಚೆ ಸ್ಕೂಟರಿನಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿತ್ತು. ಡಾಕ್ಟರು ಬರೆದುಕೊಟ್ಟ ಬಲವಾದ ನೋವಿನ ಮಾತ್ರೆ ಇಲ್ಲದೆ ನಿಲ್ಲಲೂ ಆಗುತ್ತಿರಲಿಲ್ಲ. ಒಮ್ಮೆಗೇ ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ ಎಂದು ಅವರೇ ಹೇಳಿದ್ದರಿಂದ ಹೆರಿಗೆಯವರೆಗೂ ನುಂಗಿದೆ. ಹುಟ್ಟಿದ ಮರುದಿನವೇ ಮಗನ ಕೈಕಾಲು ನಡುಗತೊಡಗಿದವು. ಮೈಯೆಲ್ಲ ಬೆವರು, ಕೀರಲು ಅಳು. ಮೊಲೆ ಕಚ್ಚಿದವನು ಎರಡು ಗುಟುಕಿಗೇ ಬಿಟ್ಟು ಚೀರುತ್ತಿದ್ದ. ಇವನು ಉಳಿಯುತ್ತಾನೋ ಇಲ್ಲವೋ ಎಂದು ನನ್ನ ಜೀವ ಹಾರಿಹೋಗಿತ್ತು.

"ಹೊಟ್ಟೇಲಿದ್ದಾಗ ನಿನ್ನ ಮಾತ್ರೆ ಅವನಿಗೂ ಸೇರ್ತಿತ್ತು ಕಣಮ್ಮ. ಈಗ ನಿಂತೋಯ್ತಲ್ಲ, ಮೈ ಅದನ್ನ ಕೇಳ್ತಿದೆ," ಎಂದರು ಸಿಸ್ಟರ್.

"ಹಂಗಾದ್ರೆ ನಾನೇ ವಿಷ ಹಾಕಿದ್ನಾ?" ಎಂದು ವಾರ್ಡಿಗೆಲ್ಲ ಕೇಳುವಂತೆ ಗೋಳಾಡಿದೆ.

"ಮೆಲ್ಲಗಾ ತಲ್ಲಿ, ಮೆಲ್ಲಗಾ," ಮೆಲ್ಲಗೆ ತಾಯಿ ಎಂದು ತಮ್ಮ ತೆಲುಗಿನಲ್ಲಿ ಪಿಸುಗುಟ್ಟಿದರು ಸಿಸ್ಟರ್. "ನೋವಿತ್ತು, ಔಷಧಿ ತಗೊಂಡೆ. ಇವನ ನಡುಕ ಇಳ್ಯುತ್ತೆ. ಮೊದ್ಲು ಎದೆಗೆ ಹಾಕ್ಕೋ."

ಅವರು ದೀಪ ತಗ್ಗಿಸಿದರು. ಕೂಸನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತುವುದನ್ನು, ಸ್ವಲ್ಪಸ್ವಲ್ಪವೇ ಹಾಲು ಕುಡಿಸುವುದನ್ನು ಕಲಿಸಿದರು. ನಮ್ಮ ಅತ್ತೆ ಮಾತ್ರ ಇದು ಬಾಲಗ್ರಹವೆಂದು ತೀರ್ಮಾನಿಸಿ ಶ್ರೀನಿವಾಸಪುರದಿಂದ ಬೆಳ್ಳಿ ಗೆಜ್ಜೆ ತಂದು, ನಾನು ಮುಖ ತೊಳೆಯಲು ಹೋದಾಗ ಕೂಸಿನ ಕಾಲಿಗೆ ಕಟ್ಟಿಬಿಟ್ಟರು. ಸದ್ದಿಗೆ ಗ್ರಹ ಓಡಿಹೋಗುತ್ತದಂತೆ. ಕೂಸು ನಡುಗಿದರೆ ಗೆಜ್ಜೆ ಘಲ್ಲೆನ್ನುವುದು, ಆ ಸದ್ದಿಗೆ ಬೆಚ್ಚಿ ಇನ್ನಷ್ಟು ನಡುಗುವುದು. ನಾನು ಅತ್ತೆಯ ಮೇಲೆ ಹಾರಿಬೀಳುವುದರಲ್ಲಿದ್ದೆ. ಅಷ್ಟರಲ್ಲಿ ಸಿಸ್ಟರ್ ಗೆಜ್ಜೆ ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ತಮ್ಮ ಜೇಬಿಗೆ ಹಾಕಿಕೊಂಡರು.

"ಪೆದ್ದಮ್ಮಾ," ಎಂದು ಅತ್ತೆಯನ್ನು ತೆಲುಗಿನಲ್ಲೇ ದೊಡ್ಡಮ್ಮನೆಂದು ಕರೆದರು, "ಇದು ಎಲ್ಲೂ ಹೋಗಲ್ಲ. ನಡುಕ ನಿಲ್ಲಲಿ, ನಾನೇ ಕಟ್ತೀನಿ. ಆಮೇಲೆ ಇವನ ಹಿಂದೆ ಓಡೋಕೆ ನಿಮ್ಮ ಮಂಡಿ ಗಟ್ಟಿ ಮಾಡ್ಕೊಳ್ಳಿ."

ಅತ್ತೆ ನಕ್ಕುಬಿಟ್ಟರು. ಅಂದಿನಿಂದ ಅವರೂ ಪಿಸುಮಾತಿಗೆ ಇಳಿದರು.

ದಿನ ಕಳೆದಂತೆ ನಡುಕ ಇಳಿಯಿತು. ಒಂದು ಬೆಳಗ್ಗೆ ಮಗ ಹೊಟ್ಟೆತುಂಬ ಹಾಲು ಕುಡಿದು ನನ್ನೆದೆಯ ಮೇಲೇ ನಿದ್ದೆಹೋದ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಮನೆಗೆ ಹೊರಟ ದಿನ ಸಿಸ್ಟರ್ ಗೇಟಿನವರೆಗೆ ಬಂದು, ಹತ್ತಿ ಬಿಡಿಸಿ ಗೆಜ್ಜೆ ಕಟ್ಟಿದರು. ಮಗ ಕಾಲು ಝಾಡಿಸಿದ, ಘಲ್ಲೆಂದಿತು, ಅವನು ಬೆಚ್ಚಲಿಲ್ಲ. "ಇನ್ನು ಎಷ್ಟು ಬೇಕಾದ್ರೂ ಗಲಾಟೆ ಮಾಡ್ಲಿ," ಎಂದರು. ಅದನ್ನೂ ಪಿಸುಗುಟ್ಟಿದರು.

ಮೊನ್ನೆ, ಓಡಾಡುವ ಮಗನನ್ನು ಅವರಿಗೆ ತೋರಿಸಲೆಂದು ಅತ್ತೆಯ ಜೊತೆ ಆಸ್ಪತ್ರೆಗೆ ಹೋಗಿದ್ದೆ. ರಿಟೈರಾಗಿ ಮದನಪಲ್ಲಿಯ ಮಗಳ ಮನೆಗೆ ಹೋಗಿದ್ದಾರೆಂದು ಹೊಸ ಸಿಸ್ಟರ್ ಹೇಳಿದರು. ಮನಸ್ಸಿಗೆ ಪಿಚ್ಚೆನಿಸಿತು. ತಿರುಗುವಷ್ಟರಲ್ಲಿ ವಾರ್ಡಿನ ಒಳಗಿಂದ ಕೀರಲು ಅಳುವೊಂದು ಕೇಳಿಸಿತು, ನನಗೆ ಚೆನ್ನಾಗಿ ಗೊತ್ತಿದ್ದ ಅಳು. ಮಗ ಗೆಜ್ಜೆ ಘಲ್ಲೆನಿಸುತ್ತ ಆ ಬಾಗಿಲಿನತ್ತ ಓಡಿದ. ಹಿಡಿದು ಕೂರಿಸಿ, ಗೆಜ್ಜೆ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿಕೊಂಡೆ. ಅವನು ರಾಗ ತೆಗೆದ.

"ಮೆಲ್ಲಗಾ ಕಣೋ, ಮೆಲ್ಲಗಾ," ಎಂದೆ. ಪಕ್ಕದಲ್ಲಿ ನಿಂತಿದ್ದ ಅತ್ತೆಗೂ ಅದು ಕೇಳಿಸಲಿಲ್ಲ.