ಗೇರಕ್ಕನ ಸುತ್ತ ನೂರು ಮೀಟರ್

ಡ್ರೈವಿಂಗ್ ಸ್ಕೂಲಿನ ಹಳೆಯ ಬಿಳಿ ಕಾರಿನಲ್ಲಿ ಪಕ್ಕದ ಸೀಟು ಹಿಡಿದು ಕೂತು, ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವಳು ಗೇರಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನಲ್ಲಿದೆ, ಯಾರ ಬಾಯಲ್ಲೂ ಇಲ್ಲ. ಎದುರಿಗೆ ಲಾರಿ ಬಂದರೆ ಕಲಿಯುವವರು ದೇವರನ್ನು ನೆನೆಯುತ್ತಾರೆ, ಇವಳು ಮಾತ್ರ ‘ಗೇರು, ಗೇರು’ ಎಂದು ತೊಡೆ ತಟ್ಟಿ ತಾಳ ಹಾಕುತ್ತಾಳೆ. ಹಾಗಾಗಿ ಆ ಹೆಸರು ಅಂಟಿಕೊಂಡಿತು.

ರಸ್ತೆಯಲ್ಲಿ ಹುಲಿಯಾಗಿದ್ದವಳು ಮನೆಯಲ್ಲಿ ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡ ಕಂದು ಬಣ್ಣದ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದ. ಕಂಡವರ ಡಬ್ಬಗಳನ್ನು ಹಸುಗೂಸಿನಂತೆ ಎತ್ತಿ ಇಳಿಸುತ್ತಿದ್ದ ಆ ಪುಣ್ಯಾತ್ಮ, ಮನೆಗೆ ಬಂದರೆ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ. ಮೂರು ಸಲ ಅವಳು ಠಾಣೆಯ ಮೆಟ್ಟಿಲು ಹತ್ತಿದ್ದಳು. ಮೂರು ಸಲವೂ ದೂರು ಬರೆಯುವ ಹೊತ್ತಿಗೆ ಧೈರ್ಯ ಕೈಕೊಟ್ಟು ಇಳಿದು ಬಂದಿದ್ದಳು. ನಾಲ್ಕನೇ ಸಲ ಅವಳ ಅಕ್ಕ ರಟ್ಟೆ ಹಿಡಿದು ನೇರ ಕೋರ್ಟಿಗೇ ಎಳೆದುಕೊಂಡು ಹೋದಳು. ಕೆಲವು ವಾರಗಳಲ್ಲಿ ರಕ್ಷಣಾ ಆದೇಶ ಕೈಗೆ ಬಂತು. ಅವನು ಅವಳ ಮನೆಗಾಗಲಿ ಕೆಲಸದ ಜಾಗಕ್ಕಾಗಲಿ ನೂರು ಮೀಟರಿನೊಳಗೆ ಬರಕೂಡದು, ಮಾತಾಡಿಸಲೂ ಕೂಡದು.

ಅಷ್ಟರಲ್ಲಿ ಸ್ಕೂಲಿನ ಯಜಮಾನರಿಗೆ ಮಂಡಿ ನೋವು ಹೆಚ್ಚಾಗಿ, ಸ್ಕೂಲನ್ನೇ ಗೇರಕ್ಕನಿಗೆ ವಹಿಸಿಕೊಡುತ್ತೇನೆ ಎಂದರು. ಅವಳಿಗೆ ಸ್ವರ್ಗ ಮೂರೇ ಗೇಣು. ಆದರೆ ಲೈಸೆನ್ಸ್ ಅವಳ ಹೆಸರಿಗೆ ಆಗಬೇಕಾದರೆ ಪೊಲೀಸರಿಂದ ನಡತೆ ಪ್ರಮಾಣಪತ್ರ ಬೇಕಿತ್ತು. ಕೋರ್ಟಿನ ಕಾಗದದ ಮೊದಲ ಸಾಲಿನಲ್ಲೇ ತನ್ನ ಹೆಸರಿದೆ. ಅಂದಮೇಲೆ ಕಳ್ಳಕಾಕರ ಪಟ್ಟಿಯಲ್ಲಿ ತಾನೂ ಒಬ್ಬಳು ಎಂದು ಲೆಕ್ಕ ಹಾಕಿಕೊಂಡಳು. ಅರ್ಜಿ ಹತ್ತು ದಿನ ಸೀಟಿನ ಕವರಿನಡಿ ಬಿದ್ದಿತ್ತು. ಹನ್ನೊಂದನೇ ದಿನ, ಆದದ್ದಾಗಲಿ ಎಂದು ಠಾಣೆಗೆ ಹೋದವಳು, ಬರವಣಿಗೆ ನೋಡಿಕೊಳ್ಳುವ ರೈಟರ್ ತಲೆ ಎತ್ತುವ ಮೊದಲೇ ತನ್ನ ಮೇಲೊಂದು ಕೇಸಿದೆ ಎಂದು ಒಪ್ಪಿಕೊಂಡುಬಿಟ್ಟಳು.

ರೈಟರ್ ಆದೇಶವನ್ನು ಓದಿ ಕನ್ನಡಕ ಜಾರುವಷ್ಟು ನಕ್ಕರು.

“ಇದು ನೀವು ಹಾಕಿರೋದು ಕಣಮ್ಮ, ನಿಮ್ಮ ಮೇಲೆ ಯಾರೂ ಹಾಕಿಲ್ಲ. ನಿಮ್ಮ ದಾಖಲೆ ತೊಳೆದ ತಟ್ಟೆ ಥರ ಇದೆ.”

“ಮತ್ತೆ ಅವನ್ದು?”

“ಅವನ್ದೂ ಹಾಗೇ. ದೂರ ಇರು ಅಂತ ಕೋರ್ಟು ಹೇಳಿದೆ, ಅಷ್ಟೇ. ಅದು ಶಿಕ್ಷೆ ಅಲ್ಲ. ಆದ್ರೆ ಆ ಮಾತು ಮೀರಿ ಹತ್ರ ಬಂದ ಅನ್ನಿ, ಅದು ಅಪರಾಧ. ಆಗ ಕೇಸಾಗುತ್ತೆ, ದಾಖಲೇಲಿ ಹೆಸರೂ ಬರುತ್ತೆ.”

ಒಂಬತ್ತು ವರ್ಷ ಹೊಡೆದವನ ಕಾಗದವೂ ತನ್ನ ಕಾಗದವೂ ಒಂದೇ ಬಿಳುಪೇ ಎಂದು ಗೇರಕ್ಕನಿಗೆ ಮೈ ಉರಿಯಿತು. ಉರಿ ಇಳಿದ ಮೇಲೆ ಇನ್ನೊಂದು ಅನುಮಾನ ಬಂತು. ತನ್ನ ಕೆಲಸದ ಜಾಗ ಕಾರು, ಅದು ನಿಂತಲ್ಲಿ ನಿಲ್ಲುವುದಿಲ್ಲವಲ್ಲ? ರೈಟರ್ ಪೆನ್ನಿನಿಂದ ತಲೆ ಕೆರೆದುಕೊಂಡರು. ಪಾಠ ನಡೆಯುವಾಗ ಕಾರೇ ಕೆಲಸದ ಜಾಗ, ಅವನು ಹುಡುಕಿಕೊಂಡು ಬಂದರೆ ತಪ್ಪು ಅವನದು, ನೀವಾಗಿ ಅವನ ಮುಂದೆ ಕಾರು ತಂದು ನಿಲ್ಲಿಸಬೇಡಿ ಮತ್ತೆ, ಎಂದು ಎಚ್ಚರಿಸಿ ಕಳಿಸಿದರು.

ಗೇರಕ್ಕ ಹೊರಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ. ಎತ್ತ ತಿರುಗಿದರೂ ಸುತ್ತ ನೂರು ಮೀಟರ್ ತನ್ನದೇ ಜಹಗೀರು! ಕಂದು ಬಣ್ಣದ ವ್ಯಾನ್ ಕಂಡರೆ ಸೀಟಿನಲ್ಲಿ ಕುಗ್ಗಿ ಕೂರುತ್ತಿದ್ದವಳು ಈಗ ಕಿಟಕಿಗೆ ಮೊಳಕೈ ಊರಿ ಕೂತಳು. ಇಂಡಿಕೇಟರಿನ ಟಿಕ್‌ಟಿಕ್‌ಗೆ ತಲೆದೂಗಿದಳು. ಟ್ರಾಫಿಕ್ ಪೇದೆಗೆ ಸುಮ್ಮಸುಮ್ಮನೆ ಕೈ ಬೀಸಿದಳು. ಇವಳಿಗೇನಾಯಿತಪ್ಪ ಎಂದು ಕಲಿಯುವವರೇ ಹೆದರಿದರು.

ಅತ್ತ ಗಂಡನಿಗೆ ದೊಡ್ಡ ಲಾರಿಯ ಕೆಲಸಕ್ಕೆ ಕರೆ ಬಂದಿತ್ತು. ಅಲ್ಲೂ ಕೇಳಿದ್ದು ನಡತೆ ಪ್ರಮಾಣಪತ್ರವನ್ನೇ. ಅವನ ತಲೆಗೂ ಹೊಳೆದದ್ದು ಅದೇ: ಕೋರ್ಟಿನ ಆದೇಶವಿದೆ, ಹೆಸರು ಕೆಟ್ಟಿದೆ. ಎಷ್ಟಾದರೂ ಒಂದೇ ಸೂರಿನಡಿ ಇದ್ದವರು, ತಪ್ಪು ತಿಳಿವಳಿಕೆಯಲ್ಲಾದರೂ ಹೊಂದಾಣಿಕೆ ಇತ್ತು. ಅವಳು ಹೋಗಿ ಕೇಳಿದಳು. ಅವನಿಗೆ ಯಾರನ್ನೂ ಕೇಳಿ ಅಭ್ಯಾಸವಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ, ಗೋದಾಮಿನ ಹಿಂದಿನ ಖಾಲಿ ಮೈದಾನದಲ್ಲಿ ರಿವರ್ಸ್ ಪಾಠ ನಡೆದಿತ್ತು. ಸ್ಟೇರಿಂಗ್ ಹಿಡಿದವರು ನಿವೃತ್ತ ಹೆಡ್‌ಮೇಡಂ. ನಾಯಿ ಅಡ್ಡ ಬಂದರೆ ಕಾರು ನಿಲ್ಲಿಸಿ, ಅದು ಮೂತ್ರ ಮುಗಿಸುವವರೆಗೂ ಮರ್ಯಾದೆಯಿಂದ ಕಾಯುವವರು. ಜೀವನದಲ್ಲಿ ತಾನು ಹಿಂದೆ ಹೆಜ್ಜೆ ಇಟ್ಟವಳಲ್ಲ ಎಂದು ಎಂಟು ವಾರದಿಂದ ರಿವರ್ಸ್ ಗೇರನ್ನು ಮುಟ್ಟಲು ಒಪ್ಪದೆ ಹಟ ಹಿಡಿದಿದ್ದರು.

ಕಂದು ವ್ಯಾನ್ ಬಂದು ನಿಂತಿತು. ಗಂಡ ಇಳಿದು ಬಂದು, ಗೇರಕ್ಕನ ಪಕ್ಕದ ಕಿಟಕಿಯೊಳಗೆ ಒಂದು ಕಾಗದ ತೂರಿಸಿದ.

“ಕೇಸ್ ವಾಪಸ್ ತಗೊಂಡೆ ಅಂತ ಬರೆದಿದೀನಿ. ಸುಮ್ನೆ ಸಹಿ ಹಾಕು. ಇಲ್ಲಾಂದ್ರೆ ಗೊತ್ತಲ್ಲ.”

ಆ ದನಿ ಕೇಳಿದ್ದೇ ತಡ, ಹಳೆಯ ಅಭ್ಯಾಸಕ್ಕೆ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು. ಅಷ್ಟರಲ್ಲಿ ಹೆಡ್‌ಮೇಡಂ ಗಡಿಯಾರ ನೋಡಿ, ಪಾಠದ ನೋಟ್‌ಬುಕ್ ಬಿಚ್ಚಿ, ಹನ್ನೊಂದು ಗಂಟೆ ಹನ್ನೆರಡು ನಿಮಿಷ ಎಂದು ಜೋರಾಗಿ ಹೇಳಿಕೊಂಡು ಬರೆದರು. ನಂತರ ತಲೆ ಎತ್ತದೆ ಹೆಸರೇನಪ್ಪ ಎಂದರು. ಮೂವತ್ತು ವರ್ಷ ಹಾಜರಿ ಕರೆದ ಗಂಟಲು ಅದು. ಅವನು ಇನಿಷಿಯಲ್ ಸಮೇತ ಹೇಳಿಬಿಟ್ಟ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ.

ಗೇರಕ್ಕನ ಹೊಟ್ಟೆಯೊಳಗಿಂದ ನಗು ಗುಳುಗುಳು ಎದ್ದು ಬಂತು. ತಡೆದಷ್ಟೂ ಹೆಚ್ಚಾಯಿತು. ಹೆಂಡತಿ ನಕ್ಕದ್ದನ್ನು ಕಂಡು ಅವನು ಬಾಗಿಲಿನ ಹಿಡಿಗೆ ಕೈ ಹಾಕಿದ. ಹೆಡ್‌ಮೇಡಂ ಅದನ್ನು ಕಂಡವರೇ ರಿವರ್ಸ್ ಗೇರು ಹಾಕಿ, ಮೈದಾನದ ಉದ್ದಕ್ಕೂ ದಾರ ಎಳೆದಂತೆ ನೆಟ್ಟಗೆ ಹಿಂದಕ್ಕೆ ಬಿಟ್ಟರು. ಅಲ್ಲಿಂದ ಕಾರು ನೇರ ಠಾಣೆಯ ದಾರಿ ಹಿಡಿಯಿತು, ತಲುಪುವವರೆಗೂ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು.

ಹಿಂದೆಯೇ ಓಡೋಡಿ ಬಂದ ಗಂಡ ಠಾಣೆಯೊಳಗೆ ಕೈ ಮುಗಿದು ನಿಂತ. ಹೆಡ್‌ಮೇಡಂ ತಮ್ಮ ಬರಹವನ್ನು ಓದಿ ಹೇಳಿದರು. ರೈಟರ್ ಎಲ್ಲ ಕೇಳಿಸಿಕೊಂಡು, ಕೇಸು ಬರೆಯುವುದೋ ಬುದ್ಧಿ ಹೇಳಿ ಕಳಿಸುವುದೋ ಎಂದು ಗೇರಕ್ಕನನ್ನು ಕೇಳಿದರು. ಅವಳ ನಗು ನಿಂತಿತು. ಮೂರು ಸಲ ಸೋತ ಜಾಗ ಇದೇ, ಇದೇ ಮೇಜು.

“ನನ್ನ ರೆಕಾರ್ಡ್ ಹಾಳಾಗುತ್ತೆ ಕಣೆ,” ಎಂದ ಗಂಡ. “ಅದನ್ನ ಸರಿ ಮಾಡ್ಕೊಳ್ಳೋಕೆ ತಾನೇ ನಾ ಬಂದಿದ್ದು.”

“ಬೆಳಿಗ್ಗೆವರೆಗೂ ನಿನ್ನ ಮೇಲೆ ಏನೂ ಇರ್ಲಿಲ್ಲ,” ಎಂದಳು ಗೇರಕ್ಕ. “ಒಂದ್ಸಲ ಇಲ್ಲಿ ಬಂದು ಕೇಳಿದ್ರೆ ಇವ್ರೇ ಹೇಳ್ತಿದ್ರು.”

ಅವನು ರೈಟರ್ ಕಡೆ ನೋಡಿದ. ರೈಟರ್ ಹೌದೆಂದು ತಲೆ ಆಡಿಸಿದರು. ಅವನು ಬೆಂಚಿನ ಮೇಲೆ ಕುಸಿದು ಕೂತ.

“ಬರ್ಕೊಳ್ಳಿ ಸಾರ್,” ಎಂದಳು ಗೇರಕ್ಕ. ರೈಟರ್ ಹೊಸ ಹಾಳೆ ತೆಗೆದು ತಾರೀಖು ಹಾಕಿದರು.