ಒಬ್ಬರೇ ಹಿಡಿಸುವ ಬಾಗಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಕಿಂಡಿಯಣ್ಣ ಎರಡನ್ನೂ ಒಂದೇ ವರ್ಷದಲ್ಲಿ ಮಾಡಿದ. ಮದುವೆಗೆ ಯಾರೂ ಹೆಸರಿಡಲಿಲ್ಲ. ಮನೆಗೆ ಕಿಂಡಿ ಎಂದು ಇಟ್ಟರು, ಅದರಿಂದ ಅವನಿಗೂ ಆ ಹೆಸರು ಬಿತ್ತು.

ಅವನು ಮೀನುಮರಿ ಸಾಕುವ ಕೇಂದ್ರದಲ್ಲಿ ಕೆಲಸಕ್ಕಿದ್ದ. ಬಸುರಿ ಮೀನಿನ ಹೊಟ್ಟೆ ನೀವಿ ಬೇಸನ್ನಿಗೆ ಮೊಟ್ಟೆ ಇಳಿಸುವುದು, ಮೇಲೆ ಗಂಡು ಮೀನಿನ ಬೀಜ ಹಿಂಡುವುದು, ಕೋಳಿಪುಕ್ಕದಿಂದ ಮೆತ್ತಗೆ ಕಲಸಿ ನೀರು ಬಿಡುವುದು ಅವನ ಕೆಲಸ. ಸದ್ದಿಲ್ಲದ ಕೆಲಸ ಅಂತಲೇ ಅದನ್ನು ಆರಿಸಿಕೊಂಡಿದ್ದ. ಹೆತ್ತವರು ಬೇಗ ತೀರಿಹೋಗಿ ದೊಡ್ಡಕ್ಕನ ಮನೆಯಲ್ಲಿ ಬೆಳೆದವನು. ಅಕ್ಕನ ಮನೆಯೋ ಸಂತೆ. ಭಾವನ ತಮ್ಮಂದಿರು, ಅವರ ಹೆಂಡಂದಿರು, ಮಕ್ಕಳು, ಯಾರ ಕಡೆಯವರೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಮುದುಕ. ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡರೂ ಹೊರಗಿನಿಂದ ಯಾರಾದರೂ ಮಾತಾಡಿಸುತ್ತಲೇ ಇರುತ್ತಿದ್ದರು. ಅವನ ಚಪ್ಪಲಿಯನ್ನು ಅವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಮೆಟ್ಟುತ್ತಿದ್ದರು.

ಒಂದು ದಿನ ಕೇಂದ್ರದ ಮೇಡಂ ಅವನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ತೋರಿಸಿದರು. ಗುಂಡಗಿನ ಮೊಟ್ಟೆ. ಅದರ ಚಿಪ್ಪಿನಲ್ಲಿ ಒಂದೇ ಒಂದು ಕಿಂಡಿ. ಸುತ್ತ ಲೆಕ್ಕವಿಲ್ಲದಷ್ಟು ವೀರ್ಯಾಣುಗಳ ನೂಕುನುಗ್ಗಲು.

"ಆ ಕಿಂಡಿ ಎಷ್ಟು ಸಣ್ಣದು ಅಂದ್ರೆ, ಒಂದು ಸಲಕ್ಕೆ ಒಂದೇ ತೂರೋಕಾಗೋದು. ಒಂದು ಹೋದ ತಕ್ಷಣ ಬಾಯಿ ಮುಚ್ಚಿಕೊಳ್ಳತ್ತೆ. ಚಿಪ್ಪು ಗಟ್ಟಿಯಾಗತ್ತೆ."

"ಎರಡು ಹೋದ್ರೆ?"

"ಒಳಗಿನ ಲೆಕ್ಕ ತಪ್ಪತ್ತೆ. ಮೊಟ್ಟೆ ಕೆಡತ್ತೆ."

"ಉಳಿದೋರು ಕೋಪ ಮಾಡ್ಕೊಳಲ್ವಾ ಮೇಡಂ?"

ಮೇಡಂ ನಕ್ಕರು. ಕಿಂಡಿಯೇ ಇಲ್ಲದ ಮೊಟ್ಟೆಗಳೂ ಇವೆ ಎಂದರು. ಕಡಲ ಮುಳ್ಳುಚೆಂಡು ಎಂಬ ಪ್ರಾಣಿಯ ಮೊಟ್ಟೆಗೆ ಯಾವ ಕಡೆಯಿಂದ ಬೇಕಾದರೂ ನುಗ್ಗಬಹುದು. ಹಾಗಾಗಿ ಮೊದಲನೆಯದು ತಗುಲಿದ್ದೇ ತಡ, ಮೊಟ್ಟೆಯ ಮೈಮೇಲಿನ ವಿದ್ಯುತ್ತು ಥಟ್ಟನೆ ಬದಲಾಗಿ ಬೇರೆಯವುಗಳಿಗೆ ತಡೆಯಾಗುತ್ತದೆ. ಅದು ಸ್ವಲ್ಪ ಹೊತ್ತಿನ ಉಪಾಯ. ಅಷ್ಟರೊಳಗೆ ಸುತ್ತ ಒಂದು ಪೊರೆ ಮೇಲೆದ್ದು ಗಟ್ಟಿಯಾಗುತ್ತದೆ.

ಅವನು ಕಣ್ಣು ತೆಗೆಯದೆ ನೋಡಿದ. ನೆಂಟರನ್ನು ಇಷ್ಟು ಮರ್ಯಾದೆಯಿಂದ ಹೊರಗಿಡುವ ಜೀವ ಇನ್ನೊಂದಿಲ್ಲ ಎನಿಸಿತು. ತಲೆಯೊಳಗೆ ಹುಳ ಹೊಕ್ಕಿತು. ಹೊಕ್ಕಿದ್ದೂ ಒಂದೇ, ಆದರೆ ಭಾರೀ ಹುಳ.

ಮನೆ ಕಟ್ಟಿಸುವಾಗ ಮೇಸ್ತ್ರಿಯ ಮುಂದೆ ಗೋಡೆಗೊರಗಿ ನಿಂತು, ತನ್ನ ಎರಡು ಭುಜಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಸಿಕೊಂಡ.

"ಬಾಗಿಲು ಇಷ್ಟೇ ಅಗಲ. ಹಿತ್ತಿಲ ಬಾಗಿಲು ಬೇಡ. ಕಿಟಕಿಗಳೆಲ್ಲ ಸೂರಿನ ಹತ್ರ, ಸಣ್ಣವು."

"ಸ್ವಾಮಿ, ಇದು ಬಾಗಿಲಲ್ಲ, ಬಿರುಕು. ಮಂಚ ಹೇಗೆ ಒಳಗೆ ಹೋಗತ್ತೆ?"

"ಮಂಚ ಮೊದಲು ಇಡೋಣ. ಗೋಡೆ ಆಮೇಲೆ ಎಬ್ಬಿಸಿ."

ಹಾಗೇ ಆಯಿತು. ಮಂಚ, ಬೀರು, ಮೇಜು ಬಯಲಲ್ಲಿ ಕೂತವು, ಗೋಡೆಗಳು ಅವುಗಳ ಸುತ್ತ ಎದ್ದವು. ಹೆಂಡತಿ ತೆಳ್ಳಗಿನವಳು, ಸುಲಭವಾಗಿ ಒಳಗೆ ಬಂದಳು. "ಗಾಳಿ ಸ್ವಲ್ಪ ಕಮ್ಮಿ" ಎಂದಳು, ಅಷ್ಟೆ. ಒಳ್ಳೆಯ ಹೆಂಗಸು. ನಾನಾಗಿದ್ದರೆ ಮೇಸ್ತ್ರಿಯ ಜೊತೆಯಲ್ಲೇ ಹೊರಟುಬಿಡುತ್ತಿದ್ದೆ.

ನೆಂಟರು ಬಂದರೆ ಒಬ್ಬರೇ ಒಳಗೆ. ಎರಡನೆಯವರು ಬಾಗಿಲಿಗೆ ಬರುವಷ್ಟರಲ್ಲಿ ಕಿಂಡಿಯಣ್ಣನ ಮುಖ ಥಟ್ಟನೆ ಹುಳ್ಳಗಾಗುತ್ತಿತ್ತು. ಮುಖಕ್ಕೂ ಬಗ್ಗದವರಿಗೆ ಅಗುಳಿ. ನೋಡಲು ಬಂದ ದೊಡ್ಡಕ್ಕನಿಗೆ ಮಾತ್ರ ಮುಖವೂ ಬೇಕಾಗಲಿಲ್ಲ, ಅಗುಳಿಯೂ ಬೇಕಾಗಲಿಲ್ಲ. ಅವಳು ತುಂಬಿದ ಮೈಯವಳು. ಒಂದು ಭುಜ ಒಳಗೆ ಬಂತು, ಮಿಕ್ಕ ಅಕ್ಕ ಹೊರಗೇ ಉಳಿದಳು. ಬೀದಿಯಲ್ಲಿ ಯಾರೋ ನಕ್ಕರು.

"ಎದೆ ಮೇಲೆ ಮಲಗಿಸ್ಕೊಂಡು ಸಾಕಿದೆನಲ್ಲೋ," ಎಂದಳು ದೊಡ್ಡಕ್ಕ. "ಆಗ ಈ ಮೈ ನಿನಗೆ ದಪ್ಪ ಅನ್ನಿಸ್ಲಿಲ್ವಾ? ಇನ್ನು ಈ ಹೊಸಿಲು ತುಳಿದ್ರೆ ಕೇಳು."

ಹೇಳಿ ಹೊರಟುಹೋದಳು. ಅವನಿಗೆ ಸಂಕಟವಾಯಿತು. ಆದರೆ ಬಾಗಿಲು ಅಗಲ ಮಾಡಿಸುವಷ್ಟು ಆಗಲಿಲ್ಲ.

ಮುಂದೆ ಹೆಂಡತಿ ಬಸುರಾದಳು. ಮೊದಲು ನೇರವಾಗಿ ಹೋಗಿಬರುತ್ತಿದ್ದವಳು ಅಡ್ಡಲಾಗಿ ಹೋಗತೊಡಗಿದಳು. ಆಮೇಲೆ ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು. ಕಿಂಡಿಯಣ್ಣ ಬಾಗಿಲಿಗೆ ಎಣ್ಣೆ ಸವರಿದ. ಕೊನೆಯ ತಿಂಗಳು ಡಾಕ್ಟರು ಅಲುಗಾಡಬೇಡ, ಮಲಗಿರು ಎಂದರು. ಅವಳು ಮಲಗಿದಳು, ಮಲಗಿದಲ್ಲೇ ಇನ್ನಷ್ಟು ತುಂಬಿಕೊಂಡಳು. ಒಂದು ಬೆಳಗ್ಗೆ, ಇವನು ಕೆಲಸಕ್ಕೆ ಹೊರಡುವ ಹೊತ್ತಿಗೆ, ನೋವು ಶುರುವಾಯಿತು.

ಆಂಬುಲೆನ್ಸ್ ಬಂತು. ಸ್ಟ್ರೆಚರ್ ಬಾಗಿಲ ತನಕ ಬಂದು ನಿಂತಿತು. ನರ್ಸಮ್ಮ ಅಡ್ಡಲಾಗಿ ತೂರಿ ಒಳಗೆ ಬಂದು ಗರ್ಭಿಣಿಯನ್ನು ನೋಡಿದಳು, ಆಸ್ಪತ್ರೆಯ ಚೀಟಿ ನೋಡಿದಳು, ಬಾಗಿಲು ನೋಡಿದಳು.

"ಇದು ನಾನೊಬ್ಬಳೇ ಮನೇಲಿ ಮಾಡಿಸೋ ಹೆರಿಗೆ ಅಲ್ಲ. ಇವರನ್ನ ಹೊರಗೆ ತರಲೇಬೇಕು. ಇಲ್ಲಾಂದ್ರೆ ಜೀವಕ್ಕೇ ಅಪಾಯ. ಇನ್ನೊಂದು ಬಾಗಿಲೆಲ್ಲಿ?"

ಇನ್ನೊಂದು ಬಾಗಿಲು ಇರಲಿಲ್ಲ. ಕಿಂಡಿಯಣ್ಣ ಹೆಂಡತಿಯನ್ನು ಹಿಡಿದುಕೊಂಡು ಬಾಗಿಲಿಗೆ ತಂದು ಹೀಗೊಮ್ಮೆ ತಿರುಗಿಸಿದ, ಹಾಗೊಮ್ಮೆ ತಿರುಗಿಸಿದ. ಆಗಲಿಲ್ಲ. ಇನ್ನೊಂದು ಸಲ ಎಣ್ಣೆ ತರಲು ಹೊರಟ. ನೋವಿನ ನಡುವೆ ಹೆಂಡತಿ ಅವನ ಅಂಗಿ ಹಿಡಿದೆಳೆದಳು.

"ರೀ, ಮೀನಿನ ಮರಿ ಹೊರಗೆ ಬರೋವಾಗ ಆ ಕಿಂಡಿಯಿಂದಲೇ ಬರತ್ತಾ?"

"ಇಲ್ಲ. ಕಿಂಡಿ ಆಗಲೇ ಮುಚ್ಚಿಹೋಗಿರತ್ತಲ್ಲ. ಒಳಗಿನಿಂದ ಚಿಪ್ಪನ್ನ ಕರಗಿಸಿ, ಬಾಲದಿಂದ ಹೊಡೆದು, ಒಡ್ಕೊಂಡೇ ಬರ್ಬೇಕು."

"ಮತ್ತೆ ಪಾಠ ಯಾಕೆ ಹೇಳ್ತಾ ನಿಂತಿದ್ದೀರಿ? ಒಡೀರಿ!"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮನೆಯಲ್ಲಿ ಒಂದು ಸುತ್ತಿಗೆಯೂ ಇರಲಿಲ್ಲ. ಅವನು ಬಾಗಿಲ ಕಿಂಡಿಗೆ ಬಾಯಿಟ್ಟು ಜೀವಮಾನದಲ್ಲೇ ಕೂಗದಷ್ಟು ಜೋರಾಗಿ ಬೀದಿಗೆ ಕೂಗಿದ. "ಯಾರಾದ್ರೂ ಬನ್ನಿ! ಎಲ್ಲಾರೂ ಬನ್ನಿ!"

ಮುಂದಿನ ಬೀದಿಯಲ್ಲಿ ದೊಡ್ಡಕ್ಕನ ಮನೆ. ಸುದ್ದಿ ಮುಟ್ಟಿದ್ದೇ ಮನೆಗೆ ಮನೆಯೇ ಹಾರೆ, ಗುದ್ದಲಿ, ಒನಕೆ ಹಿಡಿದು ಹೊರಟಿತು. ಯಾರ ಕಡೆಯವನೋ ಗೊತ್ತಿಲ್ಲದ ಆ ಮುದುಕನೂ ಊರುಗೋಲು ಎತ್ತಿಕೊಂಡು ಬಂದ. ಎಲ್ಲರಿಗಿಂತ ಮುಂದೆ ದೊಡ್ಡಕ್ಕ, ಕೈಯಲ್ಲಿ ಹಾರೆ. ಒಳಗೆ ನರ್ಸಮ್ಮ ಗರ್ಭಿಣಿಯನ್ನು ಮತ್ತೆ ಮಲಗಿಸಿ ಮಂಚದ ಸುತ್ತ ಸೀರೆ ಕಟ್ಟಿದಳು. ಹೊರಗೆ ದೊಡ್ಡಕ್ಕ ಮೊದಲ ಏಟು ಹಾಕಿದಳು. ಆ ಏಟಿನಲ್ಲಿ ಗೋಡೆಯ ಮೇಲಿದ್ದ ಸಿಟ್ಟೂ ಇತ್ತು, ತಮ್ಮನ ಮೇಲಿದ್ದದ್ದೂ ಇತ್ತು. ಇಟ್ಟಿಗೆಗಳು ಉದುರತೊಡಗಿದವು. ಗೋಡೆ ಅರ್ಧ ಬಿದ್ದು ಧೂಳು ಏಳುವಾಗಲೇ, ಸೀರೆಯ ಆಚೆಯಿಂದ ಕೂಸು ಅತ್ತಿತು.

"ಹಿಡ್ಕೊಳ್ಳಿ," ಎಂದು ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗಿಟ್ಟಳು. "ಇನ್ನೊಂದು ಬರ್ತಾ ಇದೆ."

"ಇನ್ನೊಂದಾ?"

ಅವಳಿ ಎಂದು ಹೆಂಡತಿಗೆ ಗೊತ್ತಿತ್ತು. ಹೇಳಿದರೆ ಗಂಡ ರಾತ್ರಿಯೆಲ್ಲ ಮೊಟ್ಟೆಯ ಲೆಕ್ಕ ಒಪ್ಪಿಸುತ್ತಾನೆಂದು ಬಾಯಿಬಿಟ್ಟಿರಲಿಲ್ಲ. ಗೋಡೆಯಾಚೆ ಭಾವ ಗುದ್ದಲಿ ಇಳಿಸಿ ಕೇಳಿದ, "ಏನಯ್ಯಾ, ಮೊಟ್ಟೆ ಒಂದನ್ನೇ ಒಳಗೆ ಬಿಡತ್ತೆ ಅಂತಿದ್ದೆ?"

"ಮೊಟ್ಟೆನೇ ಎರಡಿದ್ದಿರಬೇಕು ಭಾವ, ಒಂದೊಂದಕ್ಕೆ ಒಂದೊಂದೇ..." ಎಂದು ಶುರುಮಾಡಿದವನು ಮಾತು ಬಿಟ್ಟು ಕೂಸಿನ ಕಡೆ ಬಗ್ಗಿದ. ಕೈಯಲ್ಲಿದ್ದದ್ದು ಜಾರಿಬಿಟ್ಟರೆ ಎಂಬ ಭಯದಲ್ಲಿ ಎರಡೂ ಕೈಯಿಂದ ಬಿಗಿಯಾಗಿ ಅವುಚಿಕೊಂಡ.

ಎರಡನೆಯದೂ ಬಂತು. ಅದನ್ನು ಎತ್ತಿ ಹಿಡಿದ ನರ್ಸಮ್ಮ, "ತಾಯಿನ ಈಗಲೇ ಗಾಡಿಗೆ ಹಾಕ್ಬೇಕು, ಇದನ್ನ ಯಾರಾದ್ರೂ ತಗೊಳ್ಳಿ!" ಎಂದಳು.

ಕಿಂಡಿಯಣ್ಣ ತಿರುಗಿ ನೋಡಿದ. ಗೋಡೆಯಿದ್ದ ಜಾಗದಲ್ಲಿ ಈಗ ಬೀದಿ ಕಾಣುತ್ತಿತ್ತು. ನೆಂಟರೆಲ್ಲ ಇಟ್ಟಿಗೆಯ ರಾಶಿಯ ಆಚೆ ನಿಂತಿದ್ದರು. ಇಷ್ಟೆಲ್ಲ ಒಡೆದವರು, ಒಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ. ದೊಡ್ಡಕ್ಕ ಹಾರೆ ಊರಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಏದುಸಿರು ಬಿಡುತ್ತಿದ್ದಳು.

"ಅಕ್ಕಾ," ಎಂದ. "ನನ್ನೊಬ್ಬನಿಂದ ಆಗ್ತಿಲ್ಲ ಕಣೇ."

ದೊಡ್ಡಕ್ಕ ಹಾರೆ ಬಿಸಾಡಿ, ಸೆರಗಿನಿಂದ ಕೈಯ ಧೂಳು ಒರೆಸಿಕೊಳ್ಳುತ್ತ ಇಟ್ಟಿಗೆಗಳನ್ನು ದಾಟಿ ಬಂದಳು, ಹಿಂದೆಯೇ ಸ್ಟ್ರೆಚರೂ ಬಂತು. ಎರಡನೆಯ ಕೂಸನ್ನು ಎದೆಗೊತ್ತಿಕೊಂಡು, ಅವನ ಕೈಯಲ್ಲಿದ್ದ ಮೊದಲನೆಯದನ್ನು ಕಣ್ಣು ಕೆಕ್ಕರಿಸಿ ನೋಡಿದಳು.

"ಕತ್ತಿನ ಕೆಳಗೆ ಕೈ ಕೊಡೋ, ಪೆದ್ದ. ನಿನ್ನನ್ನ ನಾನು ಹಾಗಾ ಹಿಡ್ಕೊಂಡಿದ್ದೆ?"